ಗ್ರಹಣದ ದಿನದ ಬದನೆಕಾಯಿ

ಅವ್ವಾ,

ನೀನು ಗ್ರಹಣದಲ್ಲಿ ಬದನೆಕಾಯಿ ಹೆಚ್ಚಿದ್ದಕ್ಕೇ ನನ್ನ ತುಟಿ ಸೀಳಿತೆಂಬ ಅಜ್ಜಿಯ ಮಾತನ್ನು ನಾನೂ ಒಳಗೊಳಗೇ ನಂಬಿದ್ದೆ. ಹುಡುಗರ ಅಣಕ ತಾಳದೆ ಶಾಲೆ ಬಿಟ್ಟಾಗಲೂ ಸಿಟ್ಟು ನಿನ್ನ ಮೇಲೆಯೇ ಇತ್ತು.

ಇಲ್ಲಿ ಹೈದರಾಬಾದಿನ ಆಸ್ಪತ್ರೆಯಲ್ಲಿ ಸೀಳುತುಟಿ ಯಾಕಾಗುತ್ತದೆಂದು ಸಂಶೋಧನೆ ನಡೆದಿದೆ. ನನ್ನ ಉಗುಳನ್ನೂ ಸೀಸೆಯಲ್ಲಿ ತೆಗೆದುಕೊಂಡರು. ಬಸಿರಿನೊಳಗೆ ಮುಖ ಎರಡೂ ಕಡೆಯಿಂದ ಬೆಳೆದು ನಡುವೆ ಕೂಡುವುದನ್ನು ಪರದೆಯ ಮೇಲೆ ತೋರಿಸಿದರು. ತುಟಿ ಎರಡನೇ ತಿಂಗಳಲ್ಲೇ ಕೂಡಬೇಕಂತೆ.

“ಗ್ರಹಣ ಹಿಡಿದಾಗ ನಮ್ಮವ್ವಗ ಏಳು ತಿಂಗಳಾಗಿತ್ರಿ” ಎಂದೆ.

ಸೇಡಂ ಕಡೆಯ ಡಾಕ್ಟರಮ್ಮ ನಕ್ಕರು: “ಹಂಗಾದ್ರ ನಿಮ್ಮವ್ವ ಬದ್ನಿಕಾಯಿ ಅಷ್ಟೇ ಹೆಚ್ಯಾಳ ತಮ್ಮಾ, ನಿನ್ನ ತುಟಿ ಅಲ್ಲ.”

ಇದನ್ನು ಅಜ್ಜಿಗೆ ಓದಿ ಹೇಳು. ಕಾರ್ಡಿನಲ್ಲೇ ಬರೆದಿದ್ದೇನೆ, ಅಂಚೆಯವನು ಓದಿದರೂ ಓದಲಿ.

ಮೈ ಚೆನ್ನಾಗಿದೆ. ವಾಡಿ ಕಡೆಯ ರೈಲು ಕೂಗಿದಾಗಲೆಲ್ಲ ನಿನ್ನ ಹತ್ತಿರ ಓಡಿ ಬರಬೇಕೆನಿಸುತ್ತದೆ. ಆದರೆ ಸೀಳಿದ ಒಸಡಿಗೆ ಮೂಳೆ ಕೂಡಿಸುವ ಆಪರೇಷನ್ ಚೆನ್ನೈಯಲ್ಲಿ. ನಾಳೆ ಅಲ್ಲಿಗೆ ಹೊರಡುತ್ತೇನೆ.

ನಿನ್ನ ಸಾಯಬಣ್ಣ