ಕಿವಿ ಆಗಲೇ ಮೂಡಿದೆ

ಬೀಗರಾದ ಕಸ್ತೂರಮ್ಮನವರಿಗೆ ಶರಣು.

ಸಂಜೆ ಆರು ಗಂಟೆ. ಇವತ್ತು ನಮ್ಮ ಯಜಮಾನರ ಅಂಗಿಗಳನ್ನು ಮಡಚಿಟ್ಟೆ, ಬೇರೇನೂ ಮಾಡಲಿಲ್ಲ. ಕಾಲೇಜು ಮುಗಿಸಿ ಬಂದ ನಿಮ್ಮ ಮಗ ವಿಷಯ ಹೇಳಿದರು. ಬಸುರಿ ದಿನಾ ನೋಡಿದರೆ ಮಗುವಿಗೂ ಅಜ್ಜನ ಮೊರದಂಥ ಕಿವಿ ಬಂದೀತೆಂದು ನೀವು ಅಂಕಿತಾಳ ಮಂಚದ ಎದುರಿದ್ದ ನಮ್ಮವರ ಫೋಟೋ ಇಳಿಸಿದಿರಂತೆ.

ಜೀವಶಾಸ್ತ್ರದ ಮೇಷ್ಟ್ರಲ್ಲವೇ, ಅಳಿಯಂದಿರನ್ನೇ ಕೇಳಿದೆ.

“ಕಿವಿ ಮೂಡ್ಸೋ ಜೀನುಗಳು ಎರಡನೇ ತಿಂಗಳಲ್ಲೇ ಕೆಲಸ ಶುರು ಮಾಡಿರ್ತಾವ್ರಿ ಅತ್ತೆ. ಈಗ ಆರು ತಿಂಗಳು. ಯಾರ ಫೋಟೋ ತೋರ್ಸಿದ್ರೂ ಅವು ಕೇಳಲ್ಲ.”

“ನಿಮ್ಮವ್ವಗ ಹೇಳ್ರಿ.”

“ನೀವೇ ಬರ್ದು ಕೊಡ್ರಿ, ಹರಿಹರಕ್ಕೆ ಒಯ್ತೀನಿ.”

ಆದ್ದರಿಂದ ಭಯ ಬಿಟ್ಟು ಫೋಟೋ ಮತ್ತೆ ಹಾಕಿ. ಮಗಳಿಗೆ ಅಪ್ಪನ ಮುಖ ಕಾಣಲಿ. ಕಿವಿ ಮುಚ್ಚುವಷ್ಟು ದಪ್ಪನೆಯ ಸೇವಂತಿಗೆ ಹಾರ ನಾನೇ ತರುತ್ತೇನೆ. ನಾಳೆಗೆ ಅವರು ಹೋಗಿ ಮೂರು ತಿಂಗಳು.

ಇಂತಿ,
ಗಿರಿಜಮ್ಮ
ದಾವಣಗೆರೆ