ಗುರುವಿನ ನೆತ್ತಿಯ ಬೆಳಕು

೨೧ ನವೆಂಬರ್ ೨೦೦೦, ಮಂಗಳವಾರ

ಇಂದಿನ ನಮ್ಮ ಪತ್ರಿಕೆಯಲ್ಲಿ ‘ಗುರುಗ್ರಹದ ನೆತ್ತಿಯಲ್ಲಿ ಬೆಂಕಿ’ ಎಂದು ಶೀರ್ಷಿಕೆ ಕೊಟ್ಟವನು ನಾನೇ. ಸಂಜೆ ಕಾಗದನಗರದಿಂದ ತಂಗಿ ಶೀಲಾಳ ಭಾವೀ ಮಾವ ಜಟ್ಟಪ್ಪನವರ ಫೋನ್: “ಗುರುಬಲ ನೋಡಿ ಭಾನುವಾರ ನಿಶ್ಚಿತಾರ್ಥ ಇಟ್ಕೊಂಡ್ವಿ. ಗುರುವೇ ಹೊತ್ತಿ ಉರೀತಿದ್ರೆ ಹೆಂಗೆ ಮಾರಾಯ್ರೇ?”

ಬೆಂಕಿಯಲ್ಲ, ಬರೀ ಬೆಳಕು, ನಾಳೆ ವಿವರ ಬರುತ್ತದೆ ಎಂದೆ. “ಓದಿ ಹೇಳ್ತೀನಿ,” ಎಂದರು.

ಬರೆಯಬೇಕಾದದ್ದನ್ನು ಮನೆಯವರಿಗೆ ಹೇಳಿದೆ: ಗುರುವಿನ ಉಪಗ್ರಹ ಅಯೋದ ಜ್ವಾಲಾಮುಖಿಗಳು ಉಗುಳುವ ಅನಿಲ ವಿದ್ಯುದಾವೇಶದ ಕಣಗಳಾಗುತ್ತದೆ. ಗುರುವಿನ ಕಾಂತಕ್ಷೇತ್ರ ಅವನ್ನು ಧ್ರುವಗಳತ್ತ ಒಯ್ಯುತ್ತದೆ. ಅಲ್ಲಿನ ವಾಯುಮಂಡಲಕ್ಕೆ ಅವು ಅಪ್ಪಳಿಸಿದಾಗ ಬೆಳಕು ಹೊಮ್ಮುತ್ತದೆ.

“ಜ್ವಾಲಾಮುಖಿ ಒಂದು ಬಿಟ್ಟು ಬರಿಯೋ,” ಎಂದಳು ಅಮ್ಮ.

“ಬರಿ ಅಣ್ಣ,” ಎಂದಳು ಶೀಲಾ. “ಅಷ್ಟಕ್ಕೇ ಹೆದರೋ ಮನೆ ಆದ್ರೆ ಈಗ್ಲೇ ಗೊತ್ತಾಗ್ಲಿ.”

ಬಿಡದೆ ಬರೆದು ದುರ್ಗಿಗುಡಿಯ ಕಚೇರಿಗೆ ಕೊಟ್ಟು ಬಂದೆ. ಇಷ್ಟು ಹೊತ್ತಿಗೆ ಅಚ್ಚಾಗಿರುತ್ತದೆ. ‘ಈಗ್ಲೇ ಗೊತ್ತಾಗ್ಲಿ’ ಎಂದ ಶೀಲಾ ಪಕ್ಕದ ಕೋಣೆಯಲ್ಲಿ ಇನ್ನೂ ದೀಪ ಆರಿಸಿಲ್ಲ.