ಕಚ್ಚಿದ ಮೂಲೆ

ಡುಲೂತ್
ನವೆಂಬರ್ ೧೪, ಗುರುವಾರ

ಪ್ರೀತಿಯ ಮಾರ್ಲಿಸ್,

‘ಡಬ್ಬಿ ಖಾಲಿ ಬಂತು ಅಂದ್ರೆ ಹೊಟ್ಟೆ ತುಂಬಿದೆ ಅಂತಲ್ಲ’ ಎಂದು ಹಡಗಿನ ಏಣಿ ಹತ್ತುವ ಮುಂಚೆ ನೀನು ಅಂದದ್ದು ನಮ್ಮ ಜೂನಿಯ ಶಾಲೆಯ ಊಟದ ಬಗ್ಗೆಯೋ, ಬೇರೆ ಯಾವುದರ ಬಗ್ಗೆಯೋ, ಈಗ ನೆನಪಾಗುತ್ತಿಲ್ಲ. ಅವತ್ತು ಗಾಳಿ ಜೋರಾಗಿತ್ತು. ನಿನ್ನ ಮಣಿಕಟ್ಟಿನ ಸುಟ್ಟ ಗಾಯ ಮಾಯಿತೇ? ಒಲೆಯ ಮುಂದೆ ನಿಂತು ಕಾಲು ಊದುವುದು ಕಡಿಮೆಯಾಯಿತೇ? ನೀನು ಬಂದರಿನಿಂದ ಫೋನು ಮಾಡಿದಾಗೆಲ್ಲ ಜೂನಿ ಕಸಿದುಕೊಳ್ಳುತ್ತಾಳೆ. ನನ್ನ ಸರದಿ ಬರುವಷ್ಟರಲ್ಲಿ ಯಾರೋ ನಿನ್ನನ್ನು ಹಡಗಿನ ಅಡುಗೆಮನೆಗೆ ಕರೆದಿರುತ್ತಾರೆ. ಅದಕ್ಕೇ ಈ ಕಾಗದ. ಡೆಟ್ರಾಯಿಟ್ ಹೊಳೆಯಲ್ಲಿ ಟಪಾಲು ದೋಣಿಯವರು ಹಗ್ಗಕ್ಕೆ ಕಟ್ಟಿ ಕೊಡುವ ಬಕೆಟ್ಟಿನಲ್ಲಿ ಇದೂ ನಿನ್ನ ಹಡಗು ಹತ್ತುತ್ತದೆ.

ಇಲ್ಲಿ ಹಿಮ ಬಿದ್ದು ಕರಗಿ ಮತ್ತೆ ಬಿದ್ದಿದೆ. ನಾವು ಆರೋಗ್ಯವಾಗಿದ್ದೇವೆ. ಜಿಲ್ಲಾ ಕಚೇರಿಯಲ್ಲಿ ನಕ್ಷೆ ಎಳೆಯುವ ನನ್ನಂಥವನ ಕೈಗೆ ಚಾಕು ಸಿಕ್ಕರೆ ಏನಾಗುತ್ತದೋ ಅದೆಲ್ಲ ಜೂನಿಯ ಡಬ್ಬಿಯಲ್ಲಿ ಆಗಿದೆ. ಸೌತೆಕಾಯಿಯನ್ನು ಉದ್ದಕ್ಕೆ ಸೀಳಿ, ತಿರುಳು ತೆಗೆದು, ಹಡಗು ಮಾಡಿದೆ. ಚೀಸಿನ ತೆಳ್ಳನೆ ಹೋಳು ಅದರ ಪಟ. ‘ಅಪ್ಪಾ, ಅಮ್ಮನ ಹಡಗಿಗೆ ಪಟ ಎಲ್ಲಿದೆ, ಹೊಗೆಕೊಳವೆ ತಾನೆ ಇರೋದು’ ಅಂದಳು. ಮಾರನೆಯ ದಿನ ಪಟ ತೆಗೆದು ಕ್ಯಾರೆಟ್ಟಿನ ಹೊಗೆಕೊಳವೆ ನಿಲ್ಲಿಸಿದೆ. ಕಡಲೆಕಾಯಿ ಶಾಲೆಯೊಳಗೆ ಬರುವಂತಿಲ್ಲವಲ್ಲ, ಅದಕ್ಕೆ ಗೋಧಿ ಬ್ರೆಡ್ಡಿಗೆ ಸೂರ್ಯಕಾಂತಿ ಬೀಜದ ಬೆಣ್ಣೆ ಸವರಿದೆ. ಸೇಬು ಕಪ್ಪಾಗದಂತೆ ಉಪ್ಪುನೀರಿನಲ್ಲಿ ಅದ್ದಿದೆ. ಸ್ಯಾಂಡ್‌ವಿಚ್ಚಿನ ನಾಲ್ಕು ಮೂಲೆಗಳೂ ಅಳೆದಂತೆ ಇರುತ್ತಿದ್ದವು. ಡಬ್ಬಿ ದಿನಾ ಖಾಲಿ ಬರುತ್ತಿತ್ತು. ತೊಳೆಯುವಾಗ ನನಗೆ ಒಂಥರಾ ಸಮಾಧಾನ. ಈ ಮನೆಯಲ್ಲಿ ಮಾತಾಡದೆಯೂ ಒಂದು ವಿಷಯ ಸರಿಯಾಗಿ ನಡೆಯುತ್ತಿದೆ ಅಂದುಕೊಂಡಿದ್ದೆ.

ಮೊನ್ನೆ ಶಾಲೆಯ ಬಾಗಿಲಲ್ಲಿ ಡೊಲೊರೆಸ್ ನನ್ನನ್ನು ತಡೆದಳು. ಊಟದ ಕೋಣೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವಳು; ನಾನು ಅಲ್ಲಿ ಓದುವಾಗಲೂ ಅವಳೇ ಇದ್ದಳು, ಈಗಲೂ ನನ್ನನ್ನು ಹುಡುಗನ ಹಾಗೇ ಗದರುತ್ತಾಳೆ. ‘ಲೆನ್ನಿ, ನಿನ್ನ ಮಗಳು ನನ್ನ ಊಟದ ಕೋಣೇಲಿ ಅಂಗಡಿ ಇಟ್ಟಿದ್ದಾಳೆ ಕಣೋ. ನಿನ್ನ ಸೌತೆಕಾಯಿ ಹಡಗಿಗೆ ಹುಡುಗರು ಸಾಲು ನಿಲ್ತಾರೆ. ಅಲರ್ಜಿ ಮಕ್ಕಳಿದ್ದಾವೆ, ಅದಲು ಬದಲು ಕೂಡದು ಅಂತ ಬಾಯಿ ಬಡ್ಕೊಂಡೆ. ಅವಳು ಎಲ್ಲಾ ಕೊಟ್ಟು ಪಕ್ಕದ ಹುಡುಗಿಯಿಂದ ಒಣಕಲು ಸ್ಯಾಂಡ್‌ವಿಚ್ ತಗೋತಾಳೆ. ಇಡೀದು ಕೊಟ್ರೆ ಬೇಡ್ವಂತೆ. ಮೊದಲು ನೀನು ಮೂಲೆ ಕಚ್ಚಿ ಆಮೇಲೆ ಕೊಡು ಅಂತಾಳೆ. ಇದ್ಯಾವ ಚಾಳಿನಪ್ಪಾ?’

ನಾನು ಕಾರಿಗೆ ಬಂದು ಕೂತೆ. ನೀನು ಡಬ್ಬಿ ಕಟ್ಟುವ ರೀತಿ ಕಣ್ಣ ಮುಂದೆ ಬಂತು. ರುಚಿ ನೋಡದೆ ಏನನ್ನೂ ಆಚೆ ಕಳಿಸಬಾರದು ಎನ್ನುವ ಅಡುಗೆಯವರ ಹಟ ನಿನ್ನದು. ನೀನು ಸ್ಯಾಂಡ್‌ವಿಚ್ಚಿನ ಒಂದು ಮೂಲೆ ಕಚ್ಚಿ, ತಲೆಯಾಡಿಸಿ, ಮೇಣದ ಕಾಗದ ಸುತ್ತುತ್ತಿದ್ದೆ. ನನಗದು ಇಷ್ಟವಿರಲಿಲ್ಲ, ನಿನಗೆ ಗೊತ್ತು. ಮಗು ಮಾತ್ರ ದಿನಾ ಮಧ್ಯಾಹ್ನ ಆ ಮೂಲೆಯಿಂದಲೇ ತಿನ್ನಲು ಶುರುಮಾಡುತ್ತಿತ್ತಂತೆ, ಅದನ್ನೂ ಡೊಲೊರೆಸ್ಸೇ ಹೇಳಿದ್ದು.

ನಿನ್ನೆ ಬೆಳಿಗ್ಗೆ ನಾನೇ ಕಚ್ಚಿದೆ. ಹಡಗು, ಹೊಗೆಕೊಳವೆ ಯಾವುದೂ ಇಲ್ಲ. ಬರೀ ಬ್ರೆಡ್ಡು, ಟರ್ಕಿ ಕೋಳಿಯ ಮಾಂಸ, ಒಂದು ಸೇಬು. ಅಡುಗೆಕಟ್ಟೆಯ ಮುಂದೆ ಒಬ್ಬನೇ ನಿಂತು ಮಗಳ ಊಟವನ್ನು ಬಾಯಲ್ಲಿಟ್ಟುಕೊಂಡಾಗ ಏನೋ ಕದಿಯುತ್ತಿರುವಂತೆ ಅನ್ನಿಸಿತು. ಸಂಜೆ ಅವಳು ಮೇಣದ ಕಾಗದ ಬಿಚ್ಚಿ, ನಾನು ಕಚ್ಚಿದ ಮೂಲೆಯ ತುಂಡನ್ನಷ್ಟೇ ಮೇಜಿನ ಮೇಲಿಟ್ಟಳು. ‘ಇದು ಅಮ್ಮಂದಲ್ಲ. ಅಮ್ಮ ಬೆಕ್ಕಿನ ಥರ ಸಣ್ಣಕ್ಕೆ ಕಚ್ತಾಳೆ. ನೀನು ತುಂಬಾ ಹಸಿದೋರ ಥರ ಕಚ್ಚಿದ್ದೀಯ’ ಅಂದಳು. ಬೂಟು ಬಿಚ್ಚುತ್ತಾ, ‘ಮಿಕ್ಕಿದ್ದೆಲ್ಲ ತಿಂದೆ. ನೀನು ಪಾಪ ಅನ್ನಿಸ್ತು’ ಎಂದಳು. ಆ ಮೂಲೆಯನ್ನು ನಾನು ತಿಂದೆ.

ಇಷ್ಟೇ ಸುದ್ದಿ. ಡೆಕ್ಕಿನ ಮೇಲೆ ಹೋಗುವಾಗ ಕಿವಿ ಮುಚ್ಚಿಕೊ, ನವೆಂಬರಿನಲ್ಲಿ ಬಿರುಗಾಳಿ ಏಳುವ ಸರೋವರವನ್ನು ನಂಬಬೇಡ. ನಿನ್ನ ಹಡಗಿನವರಿಗೆಲ್ಲ ನನ್ನ ನಮಸ್ಕಾರ ಹೇಳು. ಜೂನಿಯ ಮುತ್ತು ಈ ಕಾಗದದ ಎಡಗಡೆ ಇದೆ, ಜಿಡ್ಡಿನ ಗುರುತು ನೋಡು.

ನಿನ್ನ,
ಲೆನ್ನಿ

ತಾ.ಕ.: ಟಪಾಲಿಗೆ ಹೊತ್ತಾಯಿತು. ಚಳಿಗಾಲಕ್ಕೆ ಹಡಗು ನಿಂತ ಮೇಲೆ ಮನೆಗೆ ಬಾರದೆ ಅಲ್ಲೇ ರಿಪೇರಿಯವರಿಗೆ ಅಡುಗೆ ಮಾಡಲು ಉಳಿಯಲೇ ಎಂದು ಹೋದ ವಾರ ಫೋನು ಇಡುವ ಅವಸರದಲ್ಲಿ ನೀನು ಕೇಳಿದೆಯಲ್ಲ. ನಾನು ‘ನಿನ್ನಿಷ್ಟ’ ಅಂದುಬಿಟ್ಟೆ. ನನ್ನಿಷ್ಟ ಏನೆಂದು ಬರೆಯುತ್ತಿದ್ದೇನೆ: ಉಳಿಯಬೇಡ, ಬಾ. ಇನ್ನೊಂದು, ಇದು ಜೂನಿ ಬರಿ ಅಂದದ್ದು, ಆದರೆ ನನಗೂ ಉತ್ತರ ಬೇಕು. ಅಲ್ಲಿ ಅಷ್ಟು ಜನರಿಗೆ ಊಟ ಕಟ್ಟುವಾಗ, ಯಾರದಾದರೂ ಮೂಲೆ ಕಚ್ಚಿ ಕೊಡುತ್ತೀಯಾ?